ದಮ್ಮು ಅಂದರೆ ಬೇನೆಯೋ, ಕಸುವೋ? ಜೊತೆಗೆ ‘ವಪೆ’

ಎಲ್ಲರಿಗೂ ನಮಸ್ಕಾರ.

ಕೊಪ್ಪಳದಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ತಂಗಿಯ ಮಗಳಿಗೆ ಒಂದು ಕರಪತ್ರ ಬರೆದುಕೊಟ್ಟೆ. ಬೊಜ್ಜು, ಅಸ್ತಮಾ ಇರುವ ಹರೆಯದವರ ಉಸಿರಾಟದ ಸ್ನಾಯುಗಳಿಗೆ ಏನಾಗುತ್ತದೆ ಅನ್ನೋದು ವಿಷಯ. ‘ನಿಮ್ಮ ಮಕ್ಕಳ ದಮ್ ಪರೀಕ್ಷೆ ಮಾಡಿಸಿ’ ಅಂತ ಮೇಲೆ ದಪ್ಪಕ್ಷರದಲ್ಲಿ ಹಾಕಿದ್ದೆ. ಓದಿದ ತಾಯಿಯೊಬ್ಬರು ‘ನಮ್ಮ ಹುಡುಗಗ ದಮ್ಮಿಲ್ರೀ, ಬರೇ ಮೈ ಬಂದೈತಿ’ ಎಂದು ಮಗನ ಕೈಹಿಡಿದು ಹೊರಟೇಬಿಟ್ಟರಂತೆ!

ತಪ್ಪು ನನ್ನದೇ. ನಮ್ಮ ಕಡೆ ದಮ್ಮು ಅಂದರೆ ಅಸ್ತಮಾ. ನಾನು ಬರೆದದ್ದು ಕಬಡ್ಡಿಯ ದಮ್. ಪಾರಸಿಯಲ್ಲಿ ದಮ್ ಅಂದರೆ ಬರೀ ಉಸಿರು. ಇಲ್ಲಿ ಅದು ಬೇನೆಯೂ ಆಯ್ತು, ತಾಕತ್ತೂ ಆಯ್ತು.

ಪರೀಕ್ಷೆಯಲ್ಲಿ ಅಳೆಯುವುದು ಎರಡು. ಮುಚ್ಚಿದ ಕೊಳವೆ ಬಾಯಲ್ಲಿಟ್ಟು ಒಮ್ಮೆ ಜೋರಾಗಿ ಎಳೆದರೆ ಸಿಗುವ ಬಲ ಒಂದು. ಅದನ್ನು ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ, ಅಂದರೆ ಎಷ್ಟು ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ ಎಂದು ಹೇಳುತ್ತಾರೆ. ತಡೆಯ ಎದುರು ಎಷ್ಟು ಹೊತ್ತು ಎಳೆಯಬಲ್ಲರು ಅನ್ನೋದು ಇನ್ನೊಂದು. ದಪ್ಪಗಿರುವ ಹುಡುಗರಲ್ಲಿ ಮೊದಲನೆಯದು ಚೆನ್ನಾಗಿದ್ದೂ ಎರಡನೆಯದು ಕಡಿಮೆ ಇರಬಹುದು. ಹಾಗಾಗಿ ಎರಡಕ್ಕೂ ಬೇರೆ ಮಾತು ಬೇಕೇ ಬೇಕು. ‘ಕಸುವು’, ‘ತಾಳಿಕೆ’ ಎಂದರೆ ಹೇಗೆ? ‘ಸಹಿಷ್ಣುತೆ’ ಮಾತ್ರ ಬೇಡ, ಅದು ಭಾಷಣದ ಪದ. ತಾಳಿಕೆ ಅಂದರೆ ಬಟ್ಟೆ, ಚಪ್ಪಲಿ ನೆನಪಾಗುತ್ತೆ ಅಂತ ನನ್ನ ಹೆಂಡತಿಯ ತಕರಾರು.

ಎರಡನೇ ತೊಡಕು ‘ವಪೆ’. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿಗೆ ಶಾಲೆಯ ಪುಸ್ತಕ ಕೊಟ್ಟ ಹೆಸರು ಇದು. ಸಂಸ್ಕೃತದ ವಪಾ ನೋಡಿದರೆ ನಗು ಬರುತ್ತೆ: ಯಜ್ಞದ ಪಶುವಿನ ಕರುಳನ್ನು ಮುಚ್ಚಿದ ಕೊಬ್ಬಿನ ಪೊರೆ! ನನ್ನ ಕರಪತ್ರದ ಪ್ರಕಾರ ಬೊಜ್ಜಿದ್ದವರಲ್ಲಿ ಹೊಟ್ಟೆಯ ಕೊಬ್ಬೇ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಅಸ್ತಮಾದಲ್ಲಿ ತಿರುಗುಮುರುಗು. ಬಿಟ್ಟ ಉಸಿರು ಪೂರ್ತಿ ಹೊರಬಾರದೆ ಎದೆ ಉಬ್ಬುತ್ತದೆ, ಕಮಾನಿನಂತಿದ್ದ ವಪೆ ಕೆಳಗೆ ಚಪ್ಪಟೆಯಾಗುತ್ತದೆ, ಗಿಡ್ಡಾದ ಸ್ನಾಯು ಗಟ್ಟಿಯಾಗಿ ಎಳೆಯಲಾರದು. ಎರಡೂ ಇದ್ದ ಹುಡುಗ ಮೆಟ್ಟಿಲು ಹತ್ತುವಾಗ ತೇಕುವುದು ಸುಮ್ನೆ ಅಲ್ಲ.

‘ಎದೆ-ಹೊಟ್ಟೆ ನಡುವಿನ ಪರದೆ’ ಎಂದು ಸದ್ಯಕ್ಕೆ ತಿದ್ದಿದ್ದೇನೆ. ಉದ್ದ ಜಾಸ್ತಿ ಆಯ್ತು ಅಲ್ವಾ? ಕುರಿ ಕೊಯ್ಯುವವರು ಆ ಭಾಗಕ್ಕೆ ಏನಂತಾರೆ? ರಾಯಚೂರು, ಬಳ್ಳಾರಿ ಕಡೆಯವರು ದಯವಿಟ್ಟು ಕೇಳಿ ತಿಳಿಸಿ. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ, ಹಂಚಿದ್ದು ಜೆರಾಕ್ಸ್ ಪ್ರತಿ ಅಷ್ಟೇ.