ಸಹಾಯ ಬೇಕು: ಮಾತು ಕೇಳುವ ಬೆಂಚಿಗೆ ಬಯಲಿನಲ್ಲಿ ಕಿವಿ ಮಂದ

ಸ್ನೇಹಿತರೇ, ಸಾರ್ವಜನಿಕ ಸ್ಥಳಕ್ಕಾಗಿ ಒಂದು ಕಲಾಕೃತಿ ಮಾಡುತ್ತಿದ್ದೇನೆ. ಬೆಂಚಿನ ಮೇಲೆ ಕುಳಿತವರ ಮಾತಿನ ತುಣುಕುಗಳು ಎದುರಿನ ಪರದೆಯಲ್ಲಿ ಅಕ್ಷರವಾಗಿ ಮೂಡಿ, ಕೂಡಲೇ ಅಳಿಸಿಹೋಗಬೇಕು. ಕೈಲ್ ಮೆಕ್‌ಡೊನಾಲ್ಡ್ ಮತ್ತು ಬ್ರಯಾನ್ ಹೌಸ್ ಅವರ ‘ಕಾನ್ವರ್‌ಸ್ನಿಚ್’ ಎಂಬ ಕಲಾಕೃತಿ ನೋಡಿದವರಿಗೆ ಜಾಡು ಗೊತ್ತಾದೀತು: ದೀಪದಂತೆ ಕಾಣುವ ಸಾಧನದೊಳಗೆ ಮೈಕ್, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಕೇಳಿಸಿದ ಮಾತಿನ ತುಣುಕುಗಳು ಟ್ವಿಟರ್‌ಗೆ. ಅಲ್ಲಿ ಮಾತನ್ನು ಬರಹಕ್ಕಿಳಿಸಿದವರು ಕೂಲಿಗೆ ಕುಳಿತ ಮನುಷ್ಯರು. ನನಗೆ ಅದು ಬೇಡ. ಎಲ್ಲವೂ ಇಂಟರ್‌ನೆಟ್ ಇಲ್ಲದೆ ಸಾಧನದೊಳಗೇ ಮುಗಿಯಬೇಕು.

ಕೋಣೆಯಲ್ಲಿ ಜಾಣನಂತಿರುವ ಮೈಕ್, ಬಯಲಿಗೆ ತಂದರೆ ಗಾಳಿ, ಹೆಜ್ಜೆ ಸದ್ದನ್ನೂ ಮಾತೆಂದೇ ನಂಬುತ್ತದೆ. ಬೆಂಚಿನ ಒರಗಿನಲ್ಲಿ ಒಂದೇ ದಿಕ್ಕಿಗೆ ಕಿವಿಗೊಡುವ ಮೈಕ್ ಸಾಕೇ, ಸಣ್ಣ ಮೈಕ್‌ಗಳ ಸಾಲೇ ಬೇಕೇ? ಹೆಸರು, ಫೋನ್ ಸಂಖ್ಯೆಗಳನ್ನು ಪರದೆಗೆ ಬರುವ ಮೊದಲೇ ತಡೆಯುವುದು ಹೇಗೆ? ಎಚ್ಚರಿಕೆಯ ಫಲಕ ಹಾಕಿಯೇ ಹಾಕುತ್ತೇನೆ, ಜನ ಬಾಯಿ ಬಿಡದಿದ್ದರೂ ಸರಿ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.