ಮಾಳಿಗೆ ಮೇಲೆ ಸೋಲಾರ್: ಕಲಬುರಗಿಯಲ್ಲಿ ಬಿಸಿಲು ಜಾಸ್ತಿ, ಹಾಗಾದರೆ ಕರೆಂಟೂ ಜಾಸ್ತಿಯೇ?

ಲೆಕ್ಕದ_ಮಾಸ್ತರ್ (ಕಲಬುರಗಿ)

ನಮಸ್ಕಾರ್ರಿ ಎಲ್ಲರಿಗೂ. ಮನೆ ಬ್ರಹ್ಮಪುರದ ಕಡೆ. ಮಾಳಿಗೆ ಸುಮಾರು 600 ಚದರಡಿ. ಪಕ್ಕದ ಮನೆಯ ಬೇವಿನ ಮರ ಪಶ್ಚಿಮದಿಂದ ನಮ್ಮ ಮೇಲೆ ವಾಲಿದೆ. ನಾವು ನಾಲ್ವರು, ಜೊತೆಗೆ ಅವ್ವ.

ಎರಡು ವರ್ಷದ ಹಿಂದೆ ಒಂದೂವರೆ ಟನ್ನಿನ ಎ.ಸಿ. ತಂದೆ. ತಾಪತ್ರಯ ಶುರುವಾಗಿದ್ದೇ ಅಲ್ಲಿಂದ. ರಾಜ್ಯದ ಬಿಟ್ಟಿ ಕರೆಂಟ್ ಯೋಜನೆ ಗೃಹಜ್ಯೋತಿಯಲ್ಲಿ ನಮ್ಮ ಮಿತಿ 154 ಯೂನಿಟ್. 2022-23ರ ಸರಾಸರಿ 140 ಇತ್ತು, ಅದರ ಮೇಲೆ ಶೇ 10. ಜುಲೈನಿಂದ ಮಾರ್ಚ್‌ವರೆಗೆ ಅದರೊಳಗೇ ಇರುತ್ತೇವೆ, ಬಿಲ್ ಸೊನ್ನೆ. ಏಪ್ರಿಲ್, ಮೇ, ಜೂನ್ ಮಾತ್ರ 380ರ ಹತ್ತಿರ ಹೋಗುತ್ತದೆ. 200 ದಾಟಿತೆಂದರೆ ದಾಟಿದಷ್ಟಕ್ಕಲ್ಲ, ಪೂರ್ತಿ ಬಿಲ್ ನಮ್ಮ ತಲೆಗೆ. ಹೋದ ಮೇ ತಿಂಗಳದ್ದು 2,900 ಚಿಲ್ಲರೆ. ಮೂರೂ ತಿಂಗಳು ಸೇರಿ 8,500 ಆಯಿತು. ಬಿಲ್ಲುಗಳನ್ನು ಫೈಲ್ ಮಾಡಿ ಇಡುವ ಚಾಳಿ ನನಗಿದೆ, ಮನೆಯಲ್ಲಿ ನಗುತ್ತಾರೆ.

ಮೊನ್ನೆ ಸೋಲಾರ್ ಮಾರುವ ಹುಡುಗ ಬಂದಿದ್ದ. 3 ಕಿಲೋವ್ಯಾಟ್‌ಗೆ 1,95,000. ಕೇಂದ್ರದ ಪಿಎಂ ಸೂರ್ಯಘರ್ ಸಬ್ಸಿಡಿ 78,000 ಕಳೆದರೆ ಕೈಯಿಂದ 1,17,000. 'ಸರ್, ಇಲ್ಲಿ 42 ಡಿಗ್ರಿ ಬಿಸಿಲು! ಮೇ ತಿಂಗಳಲ್ಲಿ ಬೆಂಗಳೂರಿನ ಡಬಲ್ ಕರೆಂಟ್ ಬರ್ತದೆ' ಅಂದ. ಲೈನ್ ಹೋದರೂ ನಿಮ್ಮ ಮನೆ ಫ್ಯಾನ್ ತಿರುಗುತ್ತಲೇ ಇರುತ್ತದೆ ಅಂತಲೂ ಅಂದ. ಎರಡೂ ನಿಜವೇ?

ನನ್ನ ಲೆಕ್ಕಕ್ಕೆ ಹಾಕಿದ ದುಡ್ಡು ವಾಪಸ್ ಬರಲು ಸುಮಾರು 14 ವರ್ಷ ಬೇಕು. ಇನ್ನು ಅವ್ವನ ಆಕ್ಷೇಪ ಬೇರೆ ಇದೆ. 'ಬ್ಯಾಸಿಗ್ಯಾಗ ಮಲಗೋದು ಎಲ್ಲಿ? ಹಪ್ಪಳ ಒಣಗ್ಸೋದು ಎಲ್ಲಿ?' ಎ.ಸಿ. ರೂಮಿಗೆ ಆಕೆ ಇವತ್ತಿಗೂ ಕಾಲಿಟ್ಟಿಲ್ಲ.

ಬೀದರ್_ಕೋಟೆ

ಮಾಸ್ತರ್ರೆ, ಬಿಸಿಲು ಬೇರೆ, ಕಾವು ಬೇರೆ. ಪ್ಯಾನಲ್‌ಗೆ ಬೇಕಾಗಿರುವುದು ಬೆಳಕು. ಕಾವು ಅದಕ್ಕೆ ಶತ್ರು. ಡಬಲ್ ಅನ್ನೋದು ಬರೀ ಬೊಗಳೆ.

ಪ್ಯಾನಲ್ ಮೇಲೆ ಬರೆದಿರುವ ವ್ಯಾಟ್ ಲೆಕ್ಕ 25 ಡಿಗ್ರಿಯಲ್ಲಿ ಅಳೆದದ್ದು. ಅದು ಗಾಳಿಯ 25 ಅಲ್ಲ, ಪ್ಯಾನಲ್ ಒಳಗಿನ ಸೆಲ್ಲಿನದು. ಹೊರಗೆ 42 ಇದ್ದಾಗ ಸೆಲ್ಲು 65ರ ಆಸುಪಾಸು ಕಾದಿರುತ್ತದೆ. ಸಿಲಿಕಾನ್ ಕಾದಷ್ಟೂ ಅದರ ವೋಲ್ಟೇಜ್ ಇಳಿಯುತ್ತದೆ. 25ರ ಮೇಲೆ ಪ್ರತಿ ಡಿಗ್ರಿಗೆ ಶೇ 0.3ರಿಂದ 0.4 ನಷ್ಟ. ನೀವೇ ಗುಣಿಸಿ ನೋಡಿ: 40 ಡಿಗ್ರಿ ಹೆಚ್ಚಾದರೆ ಶೇ 14ರಷ್ಟು ಹೋಯಿತು. 3 ಕಿಲೋವ್ಯಾಟ್ ಅಂತ ದುಡ್ಡು ಕೊಟ್ಟಿದ್ದು ಮೇ ತಿಂಗಳ ಮಧ್ಯಾಹ್ನ ಎರಡೂವರೆ ಕಿಲೋವ್ಯಾಟ್‌ಗೆ ಬಂದು ನಿಲ್ಲುತ್ತದೆ. ನಮ್ಮ ಮನೆಯ 3 ಕಿಲೋವ್ಯಾಟ್ ಫೆಬ್ರುವರಿ, ಮಾರ್ಚ್‌ನಲ್ಲಿ ದಿನಕ್ಕೆ 14 ಯೂನಿಟ್ ಕೊಡುತ್ತದೆ. ಮೇ ತಿಂಗಳಲ್ಲಿ 12 ದಾಟಿದರೆ ಖುಷಿ. ಮೋಡದ ಜುಲೈನಲ್ಲಿ 8. ಬೀದರ್ ಎತ್ತರದಲ್ಲಿದೆ, ನಿಮಗಿಂತ ಸ್ವಲ್ಪ ತಂಪು. ಆದರೂ ಹೀಗೆ.

ಆದರೆ ಹಾಕಿಸಬೇಡಿ ಅಂತ ನಾನು ಹೇಳಲ್ಲ. ವರ್ಷದ ಲೆಕ್ಕದಲ್ಲಿ ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಬಂದೇ ಬರುತ್ತದೆ. ಪ್ಯಾನಲ್‌ಗೆ 25 ವರ್ಷದ ವಾರಂಟಿ ಇರುತ್ತದೆ. ನೀವು 14 ವರ್ಷಕ್ಕೇ ನಿಲ್ಲಿಸಿದರೆ ಹೇಗೆ?

ಆಣೆಕಲ್ಲಿನ ಭಯ ಇದ್ದರೆ ಹೇಳುತ್ತೇನೆ. 25 ಮಿಲಿಮೀಟರ್ ದಪ್ಪದ ಮಂಜಿನ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆದು ಗಾಜನ್ನು ಪರೀಕ್ಷೆ ಮಾಡಿರುತ್ತಾರೆ. ನಮ್ಮಲ್ಲಿ ಒಮ್ಮೆ ಗೋಲಿಯಷ್ಟು ದಪ್ಪದ್ದು ಬಿದ್ದಾಗ ಕಾರಿನ ಟಾಪ್ ತಗ್ಗಾಯಿತು, ಪ್ಯಾನಲ್‌ಗೆ ಏನೂ ಆಗಲಿಲ್ಲ.

ಕಂಬ_ಹತ್ತಿದವ (ಸೇಡಂ)

ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ ಸರ್. ಮೂವತ್ತು ವರ್ಷ ಕಂಬ ಹತ್ತಿ ನಿವೃತ್ತಿ ಆದವನು.

ಬ್ಯಾಟರಿ ಇಲ್ಲದ ಸೋಲಾರ್ ಲೈನ್ ಹೋದ ಕೂಡಲೇ ನಿಂತುಬಿಡುತ್ತದೆ. ಸುಡು ಸುಡು ಬಿಸಿಲಿದ್ದರೂ ಅಷ್ಟೆ. ಅದು ದೋಷ ಅಲ್ಲ, ಬೇಕಂತಲೇ ಹಾಗೆ ಮಾಡಿದ್ದು. ನಾವು ಲೈನ್ ಬಂದ್ ಮಾಡಿ ಕಂಬದ ಮೇಲೆ ಕೈ ಹಾಕಿರುತ್ತೇವೆ. ಆಗ ನಿಮ್ಮ ಮಾಳಿಗೆಯಿಂದ ವೈರಿಗೆ ಕರೆಂಟ್ ಹರಿದರೆ ನಮ್ಮ ಕಥೆ ಏನು? ಅದಕ್ಕೇ ಇನ್ವರ್ಟರ್ ಹೊರಗಿನ ಲೈನ್ ನೋಡಿಕೊಂಡು ಕುಳಿತಿರುತ್ತದೆ. ಲೈನ್ ಇಲ್ಲ ಅಂದರೆ ತಾನೂ ಇಲ್ಲ. ಕರೆಂಟ್ ಹೋದಾಗ ಫ್ಯಾನ್ ತಿರುಗಬೇಕಾದರೆ ಬ್ಯಾಟರಿ ಇರುವ ಹೈಬ್ರಿಡ್ ಬೇಕು, ಅದಕ್ಕೆ ಬೇರೆ ರೇಟು. ಆ ಹುಡುಗ ಹೇಳಿದ 1,95,000ದಲ್ಲಿ ಬ್ಯಾಟರಿ ಇದೆಯಾ, ಕೇಳಿ ನೋಡಿ.

ಇನ್ನೊಂದು. ಬಿಲ್ಲಿನಲ್ಲಿ ನಿಗದಿತ ಶುಲ್ಕ ಅಂತ ಒಂದು ಸಾಲು ಇರುತ್ತದೆ. ಸೋಲಾರ್ ಹಾಕಿದರೂ ಅದು ಹೋಗಲ್ಲ. ನಿಮ್ಮ 8,500ರಲ್ಲಿ ಅದನ್ನು ಕಳೆದು ಮತ್ತೆ ಲೆಕ್ಕ ಹಾಕಿ.

ಲೆಕ್ಕದ_ಮಾಸ್ತರ್

ಅಯ್ಯೋ, ಗಣಿತ ಕಲಿಸುವವನೇ ಎಡವಿದೆ. ಕಳೆದರೆ ತಿಂಗಳಿಗೆ ಉಳಿಯುವುದು 2,400. ಮೂರು ತಿಂಗಳಿಗೆ 7,200. ಈಗ 14 ಹೋಗಿ 16 ವರ್ಷ ದಾಟಿತು. ಬ್ಯಾಟರಿ ಕೇಳಲು ಫೋನ್ ಮಾಡಿದೆ. 'ಅದು ಎಕ್ಸ್‌ಟ್ರಾ ಸರ್' ಅಂದ, ಒಂಚೂರೂ ನಾಚಿಕೆ ಇಲ್ಲದೆ.

ಸಗರನಾಡು (ಯಾದಗಿರಿ)

ಸೋಲಾರ್ ಬದಿಗಿಡಿ ಸರ್. ನಿಮ್ಮ ಸಮಸ್ಯೆ ಎ.ಸಿ. 380ರಲ್ಲಿ 140 ತೆಗೆದರೆ ಉಳಿದ 240 ಅದೊಂದೇ ತಿಂದಿದ್ದು. ರಾತ್ರಿ 8 ಗಂಟೆ ಹಾಕಿದರೆ 8 ಯೂನಿಟ್, ಸರಿಯಾಗೇ ಇದೆ. ಅದೇ ಜಾಗದಲ್ಲಿ ಒಂದು ಕೂಲರ್ ಇಡಿ. 160 ವ್ಯಾಟಿನದು, ಹತ್ತು ಗಂಟೆಗೆ 1.6 ಯೂನಿಟ್. ತಿಂಗಳಿಗೆ 48. 140ಕ್ಕೆ 48 ಸೇರಿದರೆ 188. ಇನ್ನೂರರ ಒಳಗೇ ಇದ್ದೀರಿ! 154ರ ಮೇಲಿನ 34 ಯೂನಿಟ್ಟಿಗಷ್ಟೇ ದುಡ್ಡು. ಇನ್ನೂರೈವತ್ತು ರೂಪಾಯಿ ಮೀರಲ್ಲ.

ಕೂಲರ್ ಅಂದರೆ ನಮ್ಮ ಮಣ್ಣಿನ ಬಿಂದಿಗೆಯ ಲೆಕ್ಕವೇ. ನೀರು ಆರುವಾಗ ಗಾಳಿಯ ಕಾವನ್ನು ಹೀರಿಕೊಂಡು ಆರುತ್ತದೆ. ಗಾಳಿ ಎಷ್ಟು ಒಣ ಇದ್ದರೆ ಅಷ್ಟು ತಂಪು. ಕರಾವಳಿಯವರಿಗೆ ಇದು ದಂಡ. ನಮ್ಮ ಏಪ್ರಿಲ್ ಮಧ್ಯಾಹ್ನ ಹತ್ತು ಡಿಗ್ರಿ ಇಳಿಸುತ್ತದೆ. ಕಿಟಕಿ ಒಂದು ತೆರೆದಿರಬೇಕು ಅಷ್ಟೆ. ಬಾಗಿಲು ಕಿಟಕಿ ಎಲ್ಲ ಹಾಕಿ ಕೂಲರ್ ಹಚ್ಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಜೊತೆಗೆ ಮಾಳಿಗೆಗೆ ಸುಣ್ಣ ಬಳಿಸಿ. ಬಿಳಿ ಇದ್ದರೆ ಬಿಸಿಲು ಹಾಗೇ ವಾಪಸ್ ಹೋಗುತ್ತದೆ, ಸ್ಲ್ಯಾಬ್ ಕಾಯುವುದು ಕಡಿಮೆ.

ಬೀದರ್_ಕೋಟೆ

ಅಕ್ಕಾ, ಜೂನ್ ಕೊನೆಗೆ ಸೆಖೆ ಶುರುವಾದ ಮೇಲೆ ಕೂಲರ್ ಹಚ್ಚಿ ನೋಡಿ. ಹಾಸಿಗೆಯೇ ಒದ್ದೆ ಆಗುತ್ತದೆ. ಇನ್ನು ನೀರು? ಬೇಸಿಗೆಯಲ್ಲಿ ನಳ ಬರುವುದೇ ಕಷ್ಟ, ಕೂಲರ್ ದಿನಕ್ಕೆ 50 ಲೀಟರ್ ಕುಡಿಯುತ್ತದೆ.

ಅಲ್ಲದೆ ಈ ಬಿಟ್ಟಿ ಕರೆಂಟ್ ಲೆಕ್ಕವೇ ನನಗೆ ಹಿಡಿಸಲ್ಲ. ಒಂದು ಸರ್ಕಾರ 2024ರಲ್ಲಿ ಸೋಲಾರ್ ಹಾಕಿಸಿ ಅಂತ ಸೂರ್ಯಘರ್ ಯೋಜನೆ ತಂದಿತು. ಇನ್ನೊಂದು ಅದಕ್ಕೂ ಮೊದಲೇ, 2023ರಲ್ಲಿ, ಹಾಕಿಸುವ ಅಗತ್ಯವೇ ಇಲ್ಲದಂತೆ 200 ಯೂನಿಟ್‌ವರೆಗೆ ಬಿಟ್ಟಿ ಕೊಟ್ಟಿತು. ಹೀಗಿದ್ದರೆ ಮಾಳಿಗೆ ಮೇಲೆ ಪ್ಯಾನಲ್ ಯಾರು ಕೂರಿಸುತ್ತಾರೆ?

ಸಗರನಾಡು (ಯಾದಗಿರಿ)

ಮಾಳಿಗೆಯೇ ಇಲ್ಲದವರು ಏನು ಮಾಡಬೇಕು? ನಮ್ಮ ಓಣಿಯಲ್ಲಿ ಅರ್ಧ ಮನೆ ತಗಡಿನವು. ಬಾಡಿಗೆಯವರು ಮಾಲೀಕರ ಮಾಳಿಗೆಗೆ ಪ್ಯಾನಲ್ ಹಾಕಿಸಲು ಆಗುತ್ತಾ? ಸಬ್ಸಿಡಿ ಸಿಗಬೇಕಾದರೆ ಮೊದಲು ಕೈಯಲ್ಲಿ ಲಕ್ಷ ಇರಬೇಕು. ಒಂದು ಫ್ಯಾನು, ಎರಡು ಬಲ್ಬು ಇರುವವರಿಗೆ ಗೃಹಜ್ಯೋತಿಯೇ ಸರಿ. ನಿಮ್ಮ ನನ್ನಂಥವರಿಗೆ ಬೇಕಾ ಅನ್ನೋದು ಬೇರೆ ಮಾತು.

ನೀರಿನ ಮಾತು ಒಪ್ಪಿದೆ. ಸವಳು ನೀರಿಗೆ ಕೂಲರ್ ಹುಲ್ಲು ಎರಡು ಬೇಸಿಗೆಗೆ ಕಲ್ಲಾಗುತ್ತದೆ, ಅದನ್ನೂ ಬದಲಿಸುತ್ತಿರಬೇಕು.

ಫರಸಿ_ಕಲ್ಲು (ಶಹಾಬಾದ್)

ಧೂಳು ಯಾರೂ ಹೇಳಲಿಲ್ವಲ್ಲ? ನಮ್ಮ ಕಡೆ ಕಲ್ಲು ಪಾಲಿಶ್ ಮಾಡುವ ಮಷೀನುಗಳ ಪುಡಿ ವಾರದಲ್ಲೇ ಪ್ಯಾನಲ್ ಮೇಲೆ ಕೂರುತ್ತದೆ. ನಸುಕಿನಲ್ಲಿ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ. ಬೋರಿನ ನೀರಾದರೆ ಕೂಡಲೇ ಒರೆಸಿ, ಬಿಳಿ ಕಲೆ ಉಳಿದರೆ ಹೋಗಲ್ಲ. ಆ ಬೇವಿನ ಮರವೂ ಹುಷಾರು. ಒಂದು ಪ್ಯಾನಲ್‌ಗೆ ನೆರಳು ಬಿದ್ದರೆ ಅದರ ಸಾಲಿನವುಗಳಿಗೂ ಏಟು.

ಲೆಕ್ಕದ_ಮಾಸ್ತರ್

ಎಲ್ಲರಿಗೂ ಶರಣು. ಭಾನುವಾರ ಪೂರ್ತಿ ಮಾಳಿಗೆ ಮೇಲೇ ಇದ್ದೆ. ಗಂಟೆಗೊಮ್ಮೆ ಸೀಮೆಸುಣ್ಣದಿಂದ ಬೇವಿನ ನೆರಳಿನ ಅಂಚು ಗುರುತು ಹಾಕಿದೆ. ಮೂರೂವರೆಗೆ ನೀರಿನ ಟ್ಯಾಂಕ್ ದಾಟಿತು. ನಾಲ್ಕೂವರೆಗೆ ಅರ್ಧ ಮಾಳಿಗೆ ಮುಳುಗಿತು. ಮರ ಕಡಿಯಿರಿ ಅಂತ ಪಕ್ಕದವರನ್ನು ಕೇಳುವ ಮುಖ ನನಗಿಲ್ಲ. ಅವರ ಮನೆಯ ಅಂಗಳಕ್ಕೆ ಇರುವ ತಂಪು ಅದೊಂದೇ.

ನೆರಳು ಬಿಟ್ಟು ಉಳಿದ ಜಾಗದಲ್ಲಿ 2 ಕಿಲೋವ್ಯಾಟ್ ಕೂರುತ್ತದೆ, ಅದಕ್ಕೆ ಸಬ್ಸಿಡಿ 60,000. ಆದರೆ ಆ ಉಳಿದ ಜಾಗ ಯಾವುದು ಗೊತ್ತಾ? ಅವ್ವನ ಹಪ್ಪಳದ ಜಾಗ. ದಿನವಿಡೀ ಬಿಸಿಲು ಬೀಳುವ ಮೂಲೆ ಯಾವುದು ಅಂತ ಆಕೆಗೆ ನಲವತ್ತು ವರ್ಷದಿಂದ ಗೊತ್ತಿದೆ. ನಾನು ಸೀಮೆಸುಣ್ಣ ಸವೆಸಿದ್ದು ದಂಡ.

ಹಾಗಾಗಿ ಈ ಬೇಸಿಗೆಗೆ ಸೋಲಾರ್ ಇಲ್ಲ. ಏಪ್ರಿಲ್, ಮೇ ಕೂಲರ್, ಜೂನ್ ಬಂದರೆ ಎ.ಸಿ. ಅಂದರೆ ಪೂರ್ತಿ ಬಿಲ್ ಒಂದೇ ತಿಂಗಳು. ಬೀದರ್ ಅಣ್ಣ ಬೈದರೂ ಸರಿ, ಉಳಿಯುವ ಅಷ್ಟು ಕಡಿಮೆ ದುಡ್ಡಿಗೆ ಲಕ್ಷ ಹಾಕಲು ನನ್ನ ಕೈ ಏಳುವುದಿಲ್ಲ. ಮುಂದೆ ಸೋಲಾರ್ ಹಾಕಿಸಿ ಮೀಟರ್ ಬದಲಾದ ಮೇಲೆ ಗೃಹಜ್ಯೋತಿ ಯೂನಿಟ್ ಹೇಗೆ ಹಿಡಿಯುತ್ತೀರಿ ಅಂತ ಜೆಸ್ಕಾಂ ಕಚೇರಿಗೆ ಒಂದು ಅರ್ಜಿ ಕೊಟ್ಟಿದ್ದೇನೆ. ಉತ್ತರ ಬಂದರೆ ಇಲ್ಲಿ ಹಾಕುತ್ತೇನೆ.

ಸುಣ್ಣ ನಿನ್ನೆ ಬಳಿಸಿದೆ. ಅವ್ವ ಮೇಲೆ ಹೋಗಿ ನೋಡಿ ಬಂದಳು. ಬೆಳದಿಂಗಳಿಗೆ ಕಣ್ಣು ಕುಕ್ಕುತ್ತದಂತೆ, ನಿದ್ದೆ ಹತ್ತಲಿಲ್ಲವಂತೆ.