ಜಿಮ್ಮಿಗೆ ಹೋದರೂ ತೊಗರಿ ಚೀಲ ಏಕೆ ಏಳಲಿಲ್ಲ?

ಪ್ರಶ್ನೆ (ಕಲಬುರಗಿ, 39 ವರ್ಷ, ಬ್ಯಾಂಕ್ ನೌಕರ):

ಶರಣು ಮೇಡಂ. ಹತ್ತು ತಿಂಗಳಿಂದ ವಾರಕ್ಕೆ ಐದು ದಿನ ತಪ್ಪದೆ ಜಿಮ್ಮಿಗೆ ಹೋಗುತ್ತಿದ್ದೇನೆ. ಅರ್ಧ ಗಂಟೆ ಟ್ರೆಡ್‌ಮಿಲ್, ಆಮೇಲೆ ಎದೆ, ಭುಜ ಮತ್ತು ತೋಳಿನ ಯಂತ್ರಗಳು. ಇಷ್ಟೇ ನನ್ನ ಕ್ರಮ. ತೂಕ ಒಂಬತ್ತು ಕಿಲೋ ಇಳಿದಿದೆ, ಬೆಂಚಿನ ಮೇಲೆ ಮಲಗಿ 60 ಕಿಲೋ ಎತ್ತುತ್ತೇನೆ. ಆದರೆ ಈ ಜನವರಿಯಲ್ಲಿ ತೊಗರಿ ರಾಶಿಗೆಂದು ಆಳಂದ ತಾಲ್ಲೂಕಿನ ನಮ್ಮ ಊರಿಗೆ ಹೋದಾಗ ಮರ್ಯಾದೆ ಹೋಯಿತು. 50 ಕಿಲೋದ ಚೀಲಗಳನ್ನು ಕಣದಿಂದ ಟ್ರಾಲಿಗೆ ಏರಿಸುವಾಗ ಆರನೆಯ ಚೀಲಕ್ಕೇ ಹಿಡಿತ ಜಾರಿ ಏದುಸಿರು ಬಂತು, ಎಂಟನೆಯದಕ್ಕೆ ಸೊಂಟ ಹಿಡಿದುಕೊಂಡಿತು. ಜಿಮ್ಮಿನ ಬಾಗಿಲನ್ನೇ ನೋಡದ 61 ವರ್ಷದ ನಮ್ಮ ಕಾಕಾ ಎಲೆ ಅಡಿಕೆ ಜಗಿಯುತ್ತಲೇ ಉಳಿದ ಚೀಲಗಳನ್ನು ಏರಿಸಿದರು. ಸೊಂಟ ನಾಲ್ಕು ದಿನಕ್ಕೆ ಸರಿಹೋಯಿತು, ಮನಸ್ಸಿನ ಕಸಿವಿಸಿ ಹೋಗಿಲ್ಲ. ಎಲ್ಲ ಬಗೆಯ ಕೆಲಸಕ್ಕೂ ಒದಗುವಂಥ ಕಸುವು ಬರಬೇಕಾದರೆ ಏನು ಮಾಡಬೇಕು? ಟೈರು ಉರುಳಿಸುವುದು, ದಪ್ಪ ಹಗ್ಗ ಬಡಿಯುವುದು, ಕರಡಿಯಂತೆ ನಾಲ್ಕು ಕಾಲಲ್ಲಿ ನಡೆಯುವುದು, ಇವನ್ನೆಲ್ಲ ಮೊಬೈಲಿನಲ್ಲಿ ನೋಡುತ್ತೇನೆ. ಅವು ನಿಜವಾಗಿ ಉಪಯೋಗಕ್ಕೆ ಬರುತ್ತವೆಯೇ, ಬರೀ ತೋರಿಕೆಯೇ?

ಉತ್ತರ (ಫಿಜಿಯೋಥೆರಪಿಸ್ಟ್, ಕಲಬುರಗಿ):

ಶರಣು. ಮೊದಲು ಸೊಂಟದ ಮಾತು ಮುಗಿಸೋಣ. ನೋವು ಕಾಲಿಗೆ ಇಳಿಯದೆ, ಜೋಮು ಹಿಡಿಯದೆ, ನಾಲ್ಕು ದಿನದಲ್ಲಿ ಹೋಗಿದ್ದರೆ ಅದು ಸ್ನಾಯುವಿನ ಉಳುಕೇ ಇರಬೇಕು. ಮುಂದೆ ಎಂದಾದರೂ ನೋವು ಮೊಣಕಾಲಿನ ಕೆಳಗೆ ಇಳಿದರೆ ಇಲ್ಲಿ ಕೇಳುತ್ತ ಕೂಡದೆ ವೈದ್ಯರಿಗೆ ತೋರಿಸಿರಿ.

ದೇಹವು ತನ್ನಿಂದ ಏನನ್ನು ಕೇಳುತ್ತೇವೆಯೋ ಅದನ್ನಷ್ಟೇ ಕಲಿಯುತ್ತದೆ. ಬೆಂಚಿನ ಮೇಲೆ ಮಲಗಿದಾಗ ನಿಮ್ಮ ಬೆನ್ನಿಗೆ ಬೆಂಚೇ ಆಸರೆ. ಯಂತ್ರದ ಹಿಡಿಕೆ ಒಂದೇ ದಾರಿಯಲ್ಲಿ ಹೋಗಿ ಬರುತ್ತದೆ, ಕೈಗೆ ಸರಿಯಾಗಿ ಕೂಡುತ್ತದೆ, ಅಲುಗುವುದಿಲ್ಲ. ತೊಗರಿ ಚೀಲಕ್ಕೆ ಹಿಡಿಕೆಯೇ ಇಲ್ಲ. ಎತ್ತಿದಾಗ ಕಾಳು ಒಂದು ಕಡೆಗೆ ಸರಿಯುತ್ತದೆ, ಭಾರದ ನಡುವು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಬೆರಳುಗಳು ಗೋಣಿಯನ್ನು ಹಿಸುಕಿಕೊಂಡೇ ಇರಬೇಕಾಗುತ್ತದೆ. ಅದೇ ಹೊತ್ತಿಗೆ ಸೊಂಟ ಮತ್ತು ತೊಡೆಗಳು ನೆಲದಿಂದ ಎದೆಯೆತ್ತರಕ್ಕೆ ಭಾರ ತರಬೇಕು, ಉಸಿರನ್ನೂ ಸಂಭಾಳಿಸಬೇಕು. ಇವುಗಳಲ್ಲಿ ಒಂದನ್ನೂ ನೀವು ಹತ್ತು ತಿಂಗಳಲ್ಲಿ ದೇಹದಿಂದ ಕೇಳಿಲ್ಲ. ಕಾಕಾ ಅವರು ನಲವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಅದರ ಜೊತೆಗೆ ಚೀಲವನ್ನು ಮೈಗೆ ಒತ್ತಿಕೊಂಡು, ಸೊಂಟ ತಿರುವದೆ ಪಾದ ತಿರುಗಿಸಿ ಹೊರಳುವ ಜಾಣತನವೂ ಅವರಿಗಿದೆ. ಮುಂದಿನ ರಾಶಿಯಲ್ಲಿ ಅವರ ಕಾಲುಗಳನ್ನು ಗಮನಿಸಿರಿ. ಬಾಗಿದ ಬೆನ್ನಿನಲ್ಲಿ ಭಾರ ಹಿಡಿದು ಸೊಂಟವನ್ನೇ ತಿರುವಿದಾಗ ಬೆನ್ನೆಲುಬಿನ ಮಣಿಗಳ ನಡುವಿನ ಡಿಸ್ಕುಗಳ ಮೇಲೆ ಒತ್ತಡ ಬಹಳ ಏರುತ್ತದೆ, ಭಾರವು ಮೈಯಿಂದ ದೂರವಾದಷ್ಟೂ ಇನ್ನೂ ಏರುತ್ತದೆ. ನಮ್ಮ ಎಪಿಎಂಸಿಯ ಹಮಾಲರಿಂದ ನಾನು ಕಲಿತಷ್ಟನ್ನು ಕೆಲವು ಪಠ್ಯಗಳು ಕಲಿಸಲಿಲ್ಲ.

ನೀವು ಗಳಿಸಿದ್ದು ವ್ಯರ್ಥವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಬಿರುಸಿನ ಚಟುವಟಿಕೆ. ನಿಮ್ಮ ಐದು ಅರ್ಧ ಗಂಟೆಗಳು ಅದರ ಕೆಳಗಿನ ಅಂಚನ್ನು ಮುಟ್ಟಿವೆ. ಆದರೆ ಅದೇ ಸಲಹೆಯಲ್ಲಿ, ವಾರಕ್ಕೆ ಕನಿಷ್ಠ ಎರಡು ದಿನ ದೇಹದ ಎಲ್ಲ ಮುಖ್ಯ ಸ್ನಾಯುಗಳಿಗೂ ಬಲದ ಕೆಲಸ ಕೊಡಬೇಕು ಎಂದಿದೆ. ನೀವು ಕನ್ನಡಿಯಲ್ಲಿ ಕಾಣುವ ಸ್ನಾಯುಗಳಿಗೆ ಮಾತ್ರ ಕೊಟ್ಟಿದ್ದೀರಿ. ಬೆನ್ನು, ಪೃಷ್ಠ, ತೊಡೆ, ಮುಂಗೈ ಇವೆಲ್ಲ ಉಪವಾಸವಿವೆ.

ಬಗೆಬಗೆಯ ಶ್ರಮ ಬೇಕೆಂಬ ವಿಚಾರ ನಮ್ಮ ಭಾಗಕ್ಕೆ ಹೊರಗಿನಿಂದ ಬರಬೇಕಾಗಿಲ್ಲ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರಿಗಾಗಿಯೇ ಒಂದು ಭಾಗವಿದೆ. ಅಲ್ಲಿ ಜಟ್ಟಿಗಳ ಅಭ್ಯಾಸಕ್ಕೆ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಬೇರೆ ಬೇರೆ ಹೆಸರುಗಳಿವೆ: ತೂಕ ಎತ್ತುವುದು, ನಡೆಯುವುದು, ಈಜುವುದು, ಕಂಬ ಏರುವುದು. ಕೊನೆಯದು ಇಂದಿನ ಮಲ್ಲಕಂಬದ ಹಿರಿಯಜ್ಜ. ನಮ್ಮ ತಾಲೀಮುಗಳಲ್ಲಿ ಸಾಮು ತೆಗೆಯುವವರೂ ದಂಡ, ಬೈಠಕ್ ಹೊಡೆಯುತ್ತಾರೆ, ಮುದ್ಗರ ತಿರುವುತ್ತಾರೆ, ಕುಸ್ತಿಯ ಕೆಂಪು ಮಣ್ಣನ್ನು ಸಲಿಕೆಯಿಂದ ತಾವೇ ಅಗೆದು ಹದ ಮಾಡುತ್ತಾರೆ. ಆ ಅಗೆತ ಪೂರ್ವಸಿದ್ಧತೆಯಂತೆ ಕಂಡರೂ ಅದೇ ಅರ್ಧ ವ್ಯಾಯಾಮ. ಜಾತ್ರೆಗಳಲ್ಲಿ ಗುಂಡು ಎತ್ತುವವರನ್ನು ನೋಡಿದ್ದೀರಲ್ಲ, ಹಿಡಿಕೆಯಿಲ್ಲದ ಭಾರದ ಪರೀಕ್ಷೆ ಎಂದರೆ ಅದೇ.

ಇನ್ನು ಟೈರು, ಹಗ್ಗದ ಮಾತು. ಅವು ತೋರಿಕೆಯಲ್ಲ, ಅನಿವಾರ್ಯವೂ ಅಲ್ಲ. ಟ್ರ್ಯಾಕ್ಟರ್ ಟೈರು ಉರುಳಿಸುವುದರಿಂದ ಸಿಗುವುದು ಉಸುಕಿನ ಚೀಲದಿಂದಲೂ ಸಿಗುತ್ತದೆ, ಟೈರಿನ ಕೆಳಗೆ ಬೆರಳು ಸಿಗುವ ಭಯ ಇರುವುದಿಲ್ಲ. ನಾಲ್ಕು ಕಾಲಿನ ನಡಿಗೆ ಮಾತ್ರ ನನಗೆ ಬಹಳ ಇಷ್ಟ: ಅಂಗೈ, ಭುಜ, ಹೊಟ್ಟೆ, ಸೊಂಟ ಎಲ್ಲವೂ ಒಟ್ಟಿಗೆ ದುಡಿಯುತ್ತವೆ, ಖರ್ಚಿಲ್ಲ, ಮನೆಯ ಪಡಸಾಲೆಯೇ ಸಾಕು. ಮಕ್ಕಳು ನಗುತ್ತಾರೆ, ನಗಲಿ. ಅವರನ್ನೂ ಜೊತೆಗೆ ಸೇರಿಸಿಕೊಳ್ಳಿರಿ.

ಒಂದು ಎಚ್ಚರಿಕೆ. ವೈವಿಧ್ಯದ ಹೆಸರಿನಲ್ಲಿ ದಿನಕ್ಕೊಂದು ಹೊಸ ಆಟ ಹಿಡಿಯುವವರು ಯಾವುದರಲ್ಲೂ ಮುಂದೆ ಹೋಗುವುದಿಲ್ಲ, ಏಕೆಂದರೆ ಬಲ ಬೆಳೆಯಬೇಕಾದರೆ ಅದೇ ಕೆಲಸ ಕೆಲವು ವಾರ ಮರುಕಳಿಸಿ ಸ್ವಲ್ಪ ಸ್ವಲ್ಪವೇ ಹೆಚ್ಚಬೇಕು. ಮೇಲಾಗಿ ಸ್ನಾಯು ಕೆಲವೇ ವಾರಗಳಲ್ಲಿ ಬಲಗೊಂಡರೆ, ಅದನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ನನ್ನಲ್ಲಿಗೆ ಬರುವ ಮೊಣಕೈ, ಹಿಮ್ಮಡಿ ನೋವಿನವರಲ್ಲಿ ಹೆಚ್ಚಿನವರು ಹುರುಪಿನಿಂದ ಈ ಅಂತರವನ್ನು ಮರೆತವರೇ. ಆದ್ದರಿಂದ ವಾರದ ಮುಕ್ಕಾಲು ಪಾಲು ಸ್ಥಿರವಾಗಿರಲಿ, ಕಾಲು ಪಾಲು ಬದಲಾಗುತ್ತಿರಲಿ.

ಸೋಮವಾರ ಮತ್ತು ಗುರುವಾರ ಜಿಮ್ಮಿಗೇ ಹೋಗಿರಿ. ಆದರೆ ಎದೆಯ ಯಂತ್ರಗಳನ್ನು ಅರ್ಧಕ್ಕೆ ಇಳಿಸಿ, ಬೈಠಕ್, ನೆಲದಿಂದ ಭಾರ ಎತ್ತುವುದು, ಸರಳು ಹಿಡಿದು ಜೋತಾಡುವುದು, ನಿಮ್ಮ ಕಡೆಗೆ ಎಳೆಯುವ ಕೆಲಸ ಇವನ್ನು ಸೇರಿಸಿರಿ. ಎರಡೂ ದಿನ ಕೊನೆಯಲ್ಲಿ ಹೊತ್ತು ನಡೆಯಬೇಕು. ಎರಡು ಕೈಯಲ್ಲಿ 15 ಲೀಟರಿನ ಒಂದೊಂದು ತುಂಬಿದ ಕೊಡ ಹಿಡಿದು, ನೀರು ತುಳುಕದಂತೆ 40 ಹೆಜ್ಜೆ ಹೋಗಿ ಬಂದು ನೋಡಿರಿ, ಮುಂಗೈ ಹೇಗೆ ಕೂಗುತ್ತದೆಂದು. ಮುಂದಿನ ವಾರ ಒಂದೇ ಕೊಡ, ಒಂದೇ ಕೈ; ಆಗ ಎದುರು ಪಕ್ಕೆಯ ಸ್ನಾಯುಗಳು ಎಚ್ಚರಗೊಳ್ಳುತ್ತವೆ. ಮನೆಯಲ್ಲಿ ಉಳಿದ, ನೆಲಕ್ಕೆ ಹಾಸುವ ಶಹಾಬಾದ್ ಪರಸಿಕಲ್ಲನ್ನು ಎತ್ತಲು ಹೋಗಬೇಡಿರಿ. ಎರಡು ಅಡಿ ಚದರ, ಒಂದು ಅಂಗುಲ ದಪ್ಪದ ಪರಸಿ ಸುಮಾರು 25 ಕಿಲೋ ತೂಗುತ್ತದೆ, ಅಂಚು ಕೈ ಕೊಯ್ಯುತ್ತದೆ, ಜಾರಿದರೆ ಪಾದ ಉಳಿಯುವುದಿಲ್ಲ. ಅದರ ಬದಲು ಗೋಣಿಚೀಲದಲ್ಲಿ ಉಸುಕು ತುಂಬಿರಿ. 12 ಲೀಟರಿನ ಒಂದು ಬಕೆಟ್ ಒಣ ಉಸುಕು ಹೆಚ್ಚುಕಡಿಮೆ 19 ಕಿಲೋ ಆಗುತ್ತದೆ. ಅಲ್ಲಿಂದ ಆರಂಭಿಸಿ ಎರಡು ವಾರಕ್ಕೊಮ್ಮೆ ಎರಡು ಕಿಲೋ ಸೇರಿಸುತ್ತ ಹೋದರೆ ಮುಂದಿನ ರಾಶಿಯ ಹೊತ್ತಿಗೆ 50 ಕಿಲೋದ ಹತ್ತಿರ ಬರುತ್ತೀರಿ.

ಮಂಗಳವಾರ ಟ್ರೆಡ್‌ಮಿಲ್ ಬಿಟ್ಟು ಕೋಟೆಯ ಕಡೆಗೋ ಅಪ್ಪನ ಕೆರೆಯ ಕಡೆಗೋ ಬಿರುಸಾಗಿ ನಡೆಯಿರಿ. ಸಮವಲ್ಲದ ನೆಲದಲ್ಲಿ ಕಣಕಾಲು ಪ್ರತಿ ಹೆಜ್ಜೆಗೂ ಹೊಸ ಲೆಕ್ಕ ಮಾಡುತ್ತದೆ, ಯಂತ್ರದ ಪಟ್ಟಿಯ ಮೇಲೆ ಆ ಲೆಕ್ಕವೇ ಇಲ್ಲ. ಶನಿವಾರ ಆಟ: ಶಟಲ್, ವಾಲಿಬಾಲ್, ಓಣಿಯ ಮಕ್ಕಳ ಜೊತೆ ಲಗೋರಿ, ಯಾವುದೂ ಆದೀತು. ಟ್ರೆಡ್‌ಮಿಲ್ಲು ಮುಂದಕ್ಕೆ ಮಾತ್ರ ಒಯ್ಯುತ್ತದೆ, ಆಟ ಪಕ್ಕಕ್ಕೆ, ಹಿಂದಕ್ಕೆ, ತಿರುವಿಗೆ ಎಳೆಯುತ್ತದೆ. ಲೇಜಿಮ್ ಕುಣಿತ ಬಲ್ಲವರು ನಿಮ್ಮ ಓಣಿಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಭಾನುವಾರ ತಿಂಗಳಿಗೊಂದು ಹೊಸತು ಕಲಿಯಿರಿ. ಈಜು ಬಾರದಿದ್ದರೆ ಅದನ್ನೇ ಮೊದಲು. ಊರಿನ ಬಾವಿಯಲ್ಲಾದರೆ ಬಲ್ಲವರು ಜೊತೆಗಿರದೆ ಇಳಿಯಬಾರದು. ಬುಧವಾರ, ಶುಕ್ರವಾರ ಮೈಗೆ ಬಿಡುವು.

ಹಿಡಿತದ ಬಗ್ಗೆ ಇನ್ನೊಂದು ಮಾತು. 17 ದೇಶಗಳ ಸುಮಾರು 1,40,000 ಜನರನ್ನು ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾವಿನ ಅಪಾಯವನ್ನು ಮುಂಗಾಣುವಲ್ಲಿ ಮುಷ್ಟಿಯ ಹಿಡಿತವು ರಕ್ತದೊತ್ತಡದ ಮೇಲಿನ ಅಂಕಿಗಿಂತ ಬಲವಾದ ಸೂಚಕವೆಂದು ಕಂಡುಬಂತು. ಇದನ್ನು ಓದಿ ಅಂಗಡಿಯಿಂದ ಸ್ಪ್ರಿಂಗ್ ತಂದು ಹಿಸುಕುತ್ತ ಕೂತವರಿದ್ದಾರೆ. ಹಿಡಿತ ಇಡೀ ಮೈಯ ಕಸುವಿನ ಕನ್ನಡಿ. ಕನ್ನಡಿ ಒರೆಸಿದರೆ ಮುಖ ಬೆಳ್ಳಗಾಗದು.

ಪ್ರಶ್ನೆ (ಬೀದರ್, 54 ವರ್ಷ, ಗೃಹಿಣಿ):

ಅಕ್ಕಾ, ಇವೆಲ್ಲ ಗಂಡಸರ ಮಾತಾಯಿತು. ನನಗೆ ಎರಡೂ ಮೊಣಕಾಲು ನೋವು, ಸವೆತ ಶುರುವಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಪಂಕ್ತಿಯಲ್ಲಿ ನೆಲಕ್ಕೆ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ವಾಕಿಂಗ್ ಬಿಟ್ಟು ಬೇರೇನೂ ಮಾಡಬಾರದೆಂದು ಎಲ್ಲರೂ ಹೆದರಿಸುತ್ತಾರೆ. ಹೋದ ತಿಂಗಳು ಝರಣಿ ನರಸಿಂಹನ ಗುಹೆಗುಡಿಗೆ ದರ್ಶನಕ್ಕೆ ಹೋದಾಗ, ಒಳಗಿನ ನೀರಿನಲ್ಲಿ ನಡೆಯುವಾಗ ಮಾತ್ರ ನೋವೇ ಇರಲಿಲ್ಲ. ಇದು ದೇವರ ಮಹಿಮೆಯೇ?

ಉತ್ತರ:

ಅಕ್ಕಾವ್ರೇ, ಮಹಿಮೆಯ ವಿಚಾರ ನನ್ನ ವಿದ್ಯೆಗೆ ಮೀರಿದ್ದು, ನೀರಿನ ವಿಚಾರ ಹೇಳಬಲ್ಲೆ. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಎದೆಯವರೆಗಿದ್ದರೆ ಇನ್ನೂ ಕಡಿಮೆ. ಜೊತೆಗೆ ಮುಂದೆ ಹೋಗಲು ನೀರನ್ನು ತಳ್ಳಲೇಬೇಕಾದ್ದರಿಂದ ತೊಡೆಗೆ ಕೆಲಸವೂ ಆಗುತ್ತದೆ. ಆ ಗುಹೆಯಲ್ಲಿ ಸುಮಾರು 300 ಮೀಟರ್ ಹೀಗೆ ನಡೆದಿದ್ದೀರಿ. ನೋವಿಲ್ಲದೆ ಅಷ್ಟು ನಡೆದವರ ಮೊಣಕಾಲು ಕೈಬಿಟ್ಟಿಲ್ಲ. ಹತ್ತಿರ ಈಜುಕೊಳವಿದ್ದರೆ ವಾರಕ್ಕೆ ಎರಡು ದಿನ ನೀರಿನ ನಡಿಗೆ ಮಾಡಿರಿ.

ಸವೆತವಿದ್ದವರು ಬಲದ ವ್ಯಾಯಾಮ ಮಾಡಬಾರದೆಂಬುದು ತಪ್ಪು ತಿಳಿವಳಿಕೆ. ತೊಡೆಯ ಮುಂಭಾಗ ಮತ್ತು ಪೃಷ್ಠದ ಸ್ನಾಯುಗಳು ಗಟ್ಟಿಯಾದಷ್ಟೂ ಮೊಣಕಾಲಿನ ನೋವು ಇಳಿಯುತ್ತದೆ. ಎತ್ತರದ ಮಂಚದ ಅಂಚಿನಲ್ಲಿ ಕೂತು, ಕೈ ಊರದೆ ಹತ್ತು ಸಲ ಎದ್ದು ಕೂಡ್ರಿರಿ. ಎರಡು ಮೂರು ವಾರಕ್ಕೆ ಅದು ಸಲೀಸಾದರೆ ಕುರ್ಚಿ, ಆಮೇಲೆ ಮಣೆಯ ಮೇಲೆ ಎರಡು ಮಡಿಸಿದ ಕೌದಿ, ಆಮೇಲೆ ಒಂದೇ ಕೌದಿ. ಹೀಗೆ ಆಸನವನ್ನು ಇಳಿಸುತ್ತ ನೆಲಕ್ಕೆ ಬರುವುದೇ ನಿಮ್ಮ ವ್ಯಾಯಾಮ. ಮಾಡುವಾಗ ಸಣ್ಣ ನೋವು ಬಂದು, ಮರುದಿನ ಬೆಳಿಗ್ಗೆಯ ಹೊತ್ತಿಗೆ ಹಿಂದಿನಷ್ಟಕ್ಕೇ ಇಳಿದರೆ ಮುಂದುವರಿಸಿರಿ. ಬಾವು ಬಂದರೆ ಒಂದು ಮೆಟ್ಟಿಲು ಹಿಂದೆ ಸರಿಯಿರಿ. ಹಲ್ಲುಜ್ಜುವಾಗ ಗೋಡೆಯ ಪಕ್ಕ ಒಂಟಿ ಕಾಲಲ್ಲಿ ನಿಲ್ಲಿರಿ. ಬಿದ್ದು ಸೊಂಟದ ಮೂಳೆ ಮುರಿದುಕೊಂಡವರನ್ನು ನಾನು ಬಹಳ ಕಂಡಿದ್ದೇನೆ, ಸಮತೋಲವನ್ನು ಅಭ್ಯಾಸ ಮಾಡಿದವರು ಅವರಲ್ಲಿ ಬಹಳ ಕಡಿಮೆ.

ಪ್ರಶ್ನೆ (ಯಾದಗಿರಿ, 23 ವರ್ಷ):

ಮೇಡಂ, ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು, ಜಿಗಿತ ಮತ್ತು ಗುಂಡು ಎಸೆತವೂ ಇವೆ. ದಿನಾ ಡಾಂಬರು ರಸ್ತೆಯಲ್ಲಿ ಐದು ಕಿಲೋಮೀಟರ್ ಓಡಿ ಮುಂಗಾಲಿನ ಮೂಳೆ ನೋಯುತ್ತಿದೆ. ನಾನೂ ಈ ಬಗೆಬಗೆಯ ಶ್ರಮಕ್ಕೆ ಬರಲೇ?

ಉತ್ತರ:

ತಮ್ಮಾ, ಬೆರಳ ತುದಿಯಿಂದ ಮೂಳೆಯ ಮೇಲೆ ಒಂದೇ ಜಾಗದಲ್ಲಿ ಒತ್ತಿದಾಗ ಚುಚ್ಚಿದಂತೆ ನೋಯುತ್ತಿದ್ದರೆ ಓಟ ಇಂದೇ ನಿಲ್ಲಿಸಿ ಎಲುಬಿನ ವೈದ್ಯರಿಗೆ ತೋರಿಸು, ಕೂದಲೆಳೆಯ ಬಿರುಕು ಇರಬಹುದು. ಉದ್ದಕ್ಕೂ ಮಂದವಾಗಿ ನೋಯುತ್ತಿದ್ದರೆ ಓಟವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿ, ಮಣ್ಣಿನ ಮೈದಾನಕ್ಕೆ ಬಾ. ನಿನಗೆ ಐದು ಕಿಲೋಮೀಟರಿನ ಓಟಕ್ಕಿಂತ ವೇಗದ ಅಭ್ಯಾಸ ಮುಖ್ಯ: 400 ಮೀಟರನ್ನು 97 ಸೆಕೆಂಡಿನಲ್ಲಿ ಓಡಿ, ಎರಡು ನಿಮಿಷ ನಡೆದು, ಹೀಗೆ ನಾಲ್ಕು ಸಲ. ಆ ವೇಗ ಮೈಗೆ ಹತ್ತಿದಂತೆ ನಡುವಿನ ಬಿಡುವನ್ನು ಕಡಿಮೆ ಮಾಡು. ಒಂದು ದಿನ ನಿಮ್ಮೂರ ಕೋಟೆಯ ಗುಡ್ಡ ಹತ್ತು. ಹತ್ತುವಾಗ ಬಿರುಸು, ಇಳಿಯುವಾಗ ನಡಿಗೆ, ಏಕೆಂದರೆ ಮುಂಗಾಲಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ. ಇನ್ನೊಂದು ದಿನ ಬೈಠಕ್ ಮತ್ತು ಜಿಗಿತ. ಗುಂಡು ಎಸೆತದ ಬಲವೂ ಕಾಲಿನಿಂದಲೇ ಏಳುತ್ತದೆ. ತಾರೀಖು ಗೊತ್ತಾದ ಮೇಲೆ ಕೊನೆಯ ಆರು ವಾರ ಕುಸ್ತಿ, ಕಬಡ್ಡಿ, ಹೊಸ ಪ್ರಯೋಗ ಯಾವುದೂ ಬೇಡ. ಪರೀಕ್ಷೆ ಏನನ್ನು ಕೇಳುತ್ತದೆಯೋ ಅದನ್ನೇ ಮಾಡು.

ಮೊದಲ ಪ್ರಶ್ನೆ ಕೇಳಿದವರು:

ಬಹಳ ಉಪಕಾರವಾಯಿತು ಮೇಡಂ. ಇನ್ನೇನು ಬ್ಯಾಸಗಿ ಬರುತ್ತದೆ. ಸಂಜೆ ಬ್ಯಾಂಕಿನಿಂದ ಬಂದು ಮಾಳಿಗೆಯ ಮೇಲೆ ಚೀಲದ ಅಭ್ಯಾಸ ಮಾಡಬಹುದೇ?

ಉತ್ತರ:

ಮಾರ್ಚಿನವರೆಗೆ ಆದೀತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುವ ದಿನಗಳಲ್ಲಿ ಮಾಳಿಗೆಯ ಪರಸಿ ಕತ್ತಲಾದ ಮೇಲೂ ಕಾವು ಉಗುಳುತ್ತಿರುತ್ತದೆ. ಬೆಳಿಗ್ಗೆ ಐದೂವರೆಗೆ ಆರಂಭಿಸಿ ಏಳರೊಳಗೆ ಮುಗಿಸಿರಿ. ಸೆಕೆಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕಾಗುವುದರಿಂದ ಆ ಅವಧಿಯಲ್ಲಿ ಭಾರವನ್ನೂ ಹೊತ್ತನ್ನೂ ಮೂರನೆಯ ಒಂದು ಪಾಲು ಇಳಿಸಿರಿ. ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ತಲೆ ಸುತ್ತಿದರೆ, ವಾಕರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ ನೆರಳಿಗೆ ಬಂದು ಮೈಗೆ ನೀರು ಹಾಕಿಕೊಳ್ಳಿರಿ. ರಕ್ತದೊತ್ತಡ ಇದ್ದರೆ ಮೊದಲು ನಿಮ್ಮ ವೈದ್ಯರನ್ನು ಕೇಳಿರಿ. ಚೀಲ ಎತ್ತುವಾಗ ಉಸಿರು ಬಿಗಿಹಿಡಿಯದೆ, ಏಳುತ್ತಲೇ ಉಸಿರು ಬಿಡಿರಿ.

ಚೀಲದ ಬಾಯಿ ಹೊಲಿಯುವ ಮುನ್ನ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಲು ಮರೆಯಬೇಡಿರಿ. ಗೋಣಿಯ ಕಣ್ಣುಗಳಿಂದ ಉಸುಕು ಉದುರಿ ಮನೆ ತುಂಬಿದರೆ ಮನೆಯವರು ನನ್ನನ್ನೇ ಕೇಳುತ್ತಾರೆ.